ಬಿರುಕು ಬಿಟ್ಟ ಸೈಲೆನ್ಸರ್: ದುರಸ್ತಿಯೋ, ಬದಲಾವಣೆಯೋ?

ನಗರದ ಯಾವುದೇ ಬಡಾವಣೆಯ ವೆಲ್ಡಿಂಗ್ ಶಾಪ್‌ನ ಮುಂದೆ ಬೆಳಗಿನ ಹೊತ್ತು ಸ್ವಲ್ಪ ಕಾಲ ನಿಂತರೆ, ಗೇಟು, ಗ್ರಿಲ್ಲು, ಕಿಟಕಿ ಚೌಕಟ್ಟುಗಳ ನಡುವೆ ಒಂದಾದರೂ ಮೋಟಾರ್ ಸೈಕಲ್ ಸೈಲೆನ್ಸರ್ ಕಣ್ಣಿಗೆ ಬೀಳುತ್ತದೆ. ಅದರ ಪಕ್ಕದಲ್ಲಿ ಗಡಿಯಾರ ನೋಡುತ್ತಾ ನಿಂತ ವಾಹನದ ಮಾಲೀಕನೂ ಇರುತ್ತಾನೆ. ಆತ ಹಾಲಿನ ವರ್ತನೆಯವನಿರಬಹುದು, ಕೊರಿಯರ್ ಹಂಚುವವನಿರಬಹುದು, ಅಂಗಡಿ ಅಂಗಡಿ ತಿರುಗಿ ಆರ್ಡರ್ ಬರೆದುಕೊಳ್ಳುವ ಮಾರಾಟ ಪ್ರತಿನಿಧಿಯಿರಬಹುದು. ಇವರೆಲ್ಲರಿಗೂ ಮೋಟಾರ್ ಸೈಕಲ್ ಎಂಬುದು ದುಡಿಮೆಯ ಉಪಕರಣ. ಅದು ನಿಂತ ದಿನ ಸಂಪಾದನೆಯೂ ನಿಲ್ಲುತ್ತದೆ.

ಆದ್ದರಿಂದಲೇ ಸೈಲೆನ್ಸರ್‌ನಲ್ಲಿ ಕಾಣಿಸಿಕೊಂಡ ಒಂದು ಸಣ್ಣ ಬಿರುಕು ವಾಸ್ತವವಾಗಿ ಒಂದು ಆರ್ಥಿಕ ನಿರ್ಧಾರವನ್ನು ಬೇಡುತ್ತದೆ. ವೆಲ್ಡ್ ಮಾಡಿಸಬೇಕೇ? ಹೊಸದನ್ನು ಹಾಕಿಸಬೇಕೇ? ಸದ್ಯಕ್ಕೆ ಏನನ್ನಾದರೂ ಮೆತ್ತಿ ದಿನ ತಳ್ಳಬೇಕೇ? ಬಹುಪಾಲು ಮಂದಿ ಆ ಕ್ಷಣಕ್ಕೆ ಯಾವುದು ಅಗ್ಗವೋ ಅದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಅಗ್ಗವಾಗಿ ಕಂಡದ್ದು ಲೆಕ್ಕದಲ್ಲಿಯೂ ಅಗ್ಗವೇ ಎಂಬುದು ಪರಿಶೀಲಿಸಬೇಕಾದ ವಿಷಯ.

ಬಿರುಕಿಗೆ ಕಾರಣಗಳು

ಸಾಮಾನ್ಯ ಮೋಟಾರ್ ಸೈಕಲ್‌ಗಳ ಸೈಲೆನ್ಸರ್ ತೆಳುವಾದ ಉಕ್ಕಿನ ತಗಡಿನಿಂದ ತಯಾರಾದದ್ದು. ಎಂಜಿನ್ನಿನಿಂದ ಹೊರಡುವ ಬೆಂಡ್ ಪೈಪ್, ಅದಕ್ಕೆ ಸೇರಿದ ದೊಡ್ಡ ಕೊಳವೆ, ಅದರೊಳಗಿನ ಅಡ್ಡ ತಗಡುಗಳು ಹಾಗೂ ರಂಧ್ರಗಳುಳ್ಳ ನಳಿಕೆಗಳು, ಚೌಕಟ್ಟಿಗೆ ಬಿಗಿಯುವ ಬ್ರಾಕೆಟ್ ಇವು ಅದರ ಮುಖ್ಯ ಭಾಗಗಳು. ಇದರ ಮೇಲೆ ಏಕಕಾಲಕ್ಕೆ ಮೂರು ಶತ್ರುಗಳ ದಾಳಿ ನಡೆದಿರುತ್ತದೆ: ಶಾಖ, ಕಂಪನ ಮತ್ತು ತುಕ್ಕು.

ಎಂಜಿನ್ ಓಡುವಾಗ ಲೋಹ ಕಾದು ಹಿಗ್ಗುತ್ತದೆ, ನಿಂತಾಗ ತಣಿದು ಕುಗ್ಗುತ್ತದೆ. ದಿನಕ್ಕೆ ಹಲವು ಬಾರಿ ಪುನರಾವರ್ತನೆಗೊಳ್ಳುವ ಈ ಕ್ರಿಯೆಯಿಂದ ಬೆಸುಗೆಯ ಅಂಚಿನಲ್ಲಿ ಲೋಹ ದಣಿಯುತ್ತದೆ. ಬ್ರಾಕೆಟ್‌ನ ಬೋಲ್ಟು ಸಡಿಲವಾಗಿದ್ದರೆ ಅಥವಾ ರಬ್ಬರ್ ಬುಷ್ ಸವೆದುಹೋಗಿದ್ದರೆ, ಸೈಲೆನ್ಸರ್‌ನ ಪೂರ್ತಿ ಭಾರ ಮುಂಭಾಗದ ಬೆಂಡ್ ಪೈಪ್‌ನ ಮೇಲೆ ಬಿದ್ದು ಪ್ರತಿ ಗುಂಡಿಯ ಹೊಡೆತವೂ ಅಲ್ಲಿಗೇ ತಾಗುತ್ತದೆ. ಬಿರುಕುಗಳು ಹೆಚ್ಚಾಗಿ ಬ್ರಾಕೆಟ್ ಬೆಸೆದ ಜಾಗದಲ್ಲಿ ಅಥವಾ ಪೈಪು ಕೊಳವೆಗೆ ಸೇರುವ ಕತ್ತಿನಲ್ಲಿ ಕಾಣಿಸಿಕೊಳ್ಳಲು ಇದೇ ಕಾರಣ.

ತುಕ್ಕಿನ ಕಥೆ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರ್‌ನಷ್ಟು ನೀರು ಆವಿಯ ರೂಪದಲ್ಲಿ ಹೊರಬೀಳುತ್ತದೆ ಎಂಬುದು ಅನೇಕರಿಗೆ ಆಶ್ಚರ್ಯವೆನಿಸಬಹುದು. ದೂರ ಓಡುವ ವಾಹನದಲ್ಲಿ ಸೈಲೆನ್ಸರ್ ಚೆನ್ನಾಗಿ ಕಾಯುವುದರಿಂದ ಈ ಆವಿ ಹೊರಹೋಗುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಅಲ್ಪದೂರ ಓಡುವ ವಾಹನದಲ್ಲಿ ಅದು ಒಳಗೇ ನೀರಾಗಿ ನಿಂತು, ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಗಡನ್ನು ತಿನ್ನುತ್ತದೆ. ಈ ನೀರು ಬಸಿದುಹೋಗಲೆಂದೇ ಹಲವು ಸೈಲೆನ್ಸರ್‌ಗಳ ಕೆಳಭಾಗದಲ್ಲಿ ತಯಾರಕರು ಒಂದು ಪುಟ್ಟ ರಂಧ್ರವನ್ನು ಇಟ್ಟಿರುತ್ತಾರೆ. ಅದನ್ನು ತೂತು ಬಿದ್ದಿದೆಯೆಂದು ಭಾವಿಸಿ ವೆಲ್ಡ್ ಮಾಡಿಸಿ ಮುಚ್ಚುವವರೂ ಉಂಟು. ಹಾಗೆ ಮುಚ್ಚಿದ ಸೈಲೆನ್ಸರ್ ಒಳಗಿನಿಂದ ಇನ್ನಷ್ಟು ಬೇಗ ಕೊಳೆಯುತ್ತದೆ.

ಸದ್ದಷ್ಟೇ ಸಮಸ್ಯೆಯಲ್ಲ

ಬಿರುಕು ಬಿಟ್ಟಾಗ ಮೊದಲು ತಿಳಿಯುವುದು ಸದ್ದಿನಿಂದ. ಎಂಜಿನ್ ಬಳಿ 'ಟಕ್ ಟಕ್' ಎಂಬ ಒಡೆದ ಶಬ್ದ, ಆಕ್ಸಿಲರೇಟರ್ ಬಿಟ್ಟಾಗ ಪಟಾಕಿಯಂತಹ ಸಿಡಿತ, ಸೋರಿಕೆಯ ಸುತ್ತ ಕಪ್ಪು ಮಸಿ ಇವು ಲಕ್ಷಣಗಳು. ಆದರೆ ಸೋರುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಅಥವಾ ಮನೆಯ ಕೆಳಗಿನ ಪಾರ್ಕಿಂಗ್‌ನಲ್ಲಿ ಎಂಜಿನ್ ಚಾಲೂ ಇಟ್ಟು ಸೋರಿಕೆ ಹುಡುಕುವುದು ಪ್ರಾಣಕ್ಕೇ ಅಪಾಯಕಾರಿ. ಇಂತಹ ಪರೀಕ್ಷೆ ಬಯಲಿನಲ್ಲಿಯೇ ನಡೆಯಬೇಕು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮಗಳ ತರುವಾಯ ಈ ವಿಷಯಕ್ಕೆ ಇನ್ನೊಂದು ಆಯಾಮ ಸೇರಿದೆ. ಇಂದಿನ ವಾಹನಗಳಲ್ಲಿ ಇಂಧನ ಪೂರೈಕೆಯನ್ನು ನಿಯಂತ್ರಿಸುವುದು ಎಲೆಕ್ಟ್ರಾನಿಕ್ ಘಟಕ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ಬೆಂಡ್ ಪೈಪ್‌ನಲ್ಲಿರುವ ಸೆನ್ಸರ್ ಅಳೆದು ಆ ಘಟಕಕ್ಕೆ ತಿಳಿಸುತ್ತದೆ. ಸೆನ್ಸರ್‌ಗಿಂತ ಮುಂಚೆ ಬಿರುಕಿದ್ದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಸಾಲದೆಂಬ ತಪ್ಪು ಸಂದೇಶ ಹೋಗುತ್ತದೆ, ಘಟಕ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ. ಮಾಲೀಕ ಪೆಟ್ರೋಲ್ ಬಂಕನ್ನು ಶಂಕಿಸುತ್ತಾನೆಯೇ ಹೊರತು ಕೂದಲೆಳೆಯಷ್ಟು ಬಿರುಕನ್ನಲ್ಲ.

ಮೊದಲು ಪರೀಕ್ಷೆ, ನಂತರ ಬೆಂಕಿ

ಯಾವ ದುರಸ್ತಿಗೂ ಮುನ್ನ ತಗಡು ಗಟ್ಟಿಯಾಗಿದೆಯೇ ಎಂಬುದನ್ನು ನೋಡಬೇಕು. ಬಿರುಕಿನ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ತಗಡು ಒಳಗೆ ಕುಸಿದರೆ, ಅಲ್ಲಿ ಉಳಿದಿರುವುದು ಬಣ್ಣ ಮತ್ತು ತುಕ್ಕು ಮಾತ್ರ. ಅಂತಹ ಕಡೆ ವೆಲ್ಡಿಂಗ್ ಹಿಡಿಯುವುದಿಲ್ಲ; ಒಂದು ತೂತು ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಬಿಚ್ಚಿದ ಸೈಲೆನ್ಸರ್ ಅಲ್ಲಾಡಿಸಿದಾಗ ಒಳಗೆ ಗಲಗಲ ಸದ್ದಾದರೆ ಅಡ್ಡ ತಗಡುಗಳು ಕಳಚಿವೆ ಎಂದರ್ಥ. ಅದನ್ನು ಹೊರಗಿನಿಂದ ಬೆಸೆದು ಪ್ರಯೋಜನವಿಲ್ಲ. ತಗಡು ಗಟ್ಟಿಯಿದ್ದು, ಬಿರುಕು ಬ್ರಾಕೆಟ್‌ನ ಬಳಿಯೋ ಜೋಡಣೆಯ ಅಂಚಿನಲ್ಲೋ ಮಾತ್ರ ಇದ್ದರೆ ದುರಸ್ತಿ ನಿಸ್ಸಂದೇಹವಾಗಿ ಯೋಗ್ಯ.

ದುರಸ್ತಿಯ ಸರಿಯಾದ ಕ್ರಮ

ಸೈಲೆನ್ಸರನ್ನು ವಾಹನದಿಂದ ಬಿಚ್ಚಿಯೇ ಕೆಲಸ ಮಾಡಬೇಕು ಎಂಬುದು ಮೊದಲ ನಿಯಮ. ವಾಹನದ ಮೇಲೆಯೇ ಬೆಸೆಯುವುದರಿಂದ ಎರಡು ಅಪಾಯಗಳಿವೆ: ಪೆಟ್ರೋಲ್ ಟ್ಯಾಂಕ್ ಸಮೀಪದಲ್ಲಿರುತ್ತದೆ, ವಿದ್ಯುತ್ ವೆಲ್ಡಿಂಗ್‌ನ ಪ್ರವಾಹ ಎಲೆಕ್ಟ್ರಾನಿಕ್ ಘಟಕವನ್ನು ಸುಡಬಲ್ಲದು. ಸಮಯ ಉಳಿಸಲು ಹೋಗಿ ದುಬಾರಿ ಘಟಕವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಬಿಚ್ಚಿದ ಮೇಲೆ ಬಿರುಕಿನ ಸುತ್ತಲಿನ ಬಣ್ಣ, ಮಸಿ, ತುಕ್ಕು, ಎಣ್ಣೆಯನ್ನು ವೈರ್ ಬ್ರಷ್ ಹಾಗೂ ಎಮರಿ ಕಾಗದದಿಂದ ತೆಗೆದು ಹೊಳೆಯುವ ಲೋಹ ಕಾಣುವಂತೆ ಮಾಡಬೇಕು. ಕ್ರೋಮ್ ಲೇಪನವಿದ್ದರೆ ಅದನ್ನೂ ಕೆರೆದು ತೆಗೆಯಬೇಕು. ಕ್ರೋಮ್ ಸುಟ್ಟ ಹೊಗೆ ಶ್ವಾಸಕೋಶಕ್ಕೆ ಹಾನಿಕರ. ತರುವಾಯ ಬಿರುಕಿನ ಎರಡೂ ತುದಿಗಳಲ್ಲಿ ಸುಮಾರು 3 ಮಿಲಿಮೀಟರ್ ಅಗಲದ ರಂಧ್ರ ಕೊರೆಯುವುದು ನುರಿತವರ ಪದ್ಧತಿ. ಬಿರುಕಿನ ಚೂಪಾದ ತುದಿಯಲ್ಲಿ ಒತ್ತಡ ಕೇಂದ್ರೀಕೃತವಾಗುತ್ತದೆ. ದುಂಡಗಿನ ರಂಧ್ರ ಆ ಒತ್ತಡವನ್ನು ಹಂಚಿ, ಬಿರುಕು ಮುಂದೆ ಹರಿಯದಂತೆ ತಡೆಯುತ್ತದೆ. ಬೆಸುಗೆ ಹಾಕುವಾಗ ಈ ರಂಧ್ರಗಳೂ ತುಂಬಿಕೊಳ್ಳುತ್ತವೆ. ಈ ಒಂದು ಹೆಜ್ಜೆಯನ್ನು ಬಿಟ್ಟ ದುರಸ್ತಿಗಳಲ್ಲಿ ಬಿರುಕು ಬೆಸುಗೆಯ ಪಕ್ಕದಿಂದಲೇ ಮತ್ತೆ ಹೊರಡುವುದು ಸಾಮಾನ್ಯ.

ಬೆಸುಗೆಯ ವಿಧಾನಗಳಲ್ಲಿ ಆಯ್ಕೆಯಿದೆ. ಗೇಟು, ಗ್ರಿಲ್ಲುಗಳಿಗೆ ಬಳಸುವ ಸಾಮಾನ್ಯ ಆರ್ಕ್ ವೆಲ್ಡಿಂಗ್ ತೆಳು ತಗಡಿಗೆ ಅತಿಯಾಗುತ್ತದೆ. ಕೈ ಸ್ವಲ್ಪ ತಡೆದರೂ ತೂತು ಬೀಳುತ್ತದೆ. ಕಾರ್ಬನ್ ಡೈ ಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸುವ ಮಿಗ್ ಯಂತ್ರ ಅಥವಾ ಆರ್ಗಾನ್ ಬಳಸುವ ಟಿಗ್ ಯಂತ್ರ ಇದಕ್ಕೆ ಹೆಚ್ಚು ಸೂಕ್ತ. ಹಳೆಯ ಗ್ಯಾರೇಜುಗಳಲ್ಲಿ ಇಂದಿಗೂ ಉಳಿದಿರುವುದು ಗ್ಯಾಸ್ ವೆಲ್ಡಿಂಗ್ ಮತ್ತು ಹಿತ್ತಾಳೆ ಬೆಸುಗೆ. ಬಿಳಿಗಾರ ಬಳಸಿ ಹಿತ್ತಾಳೆ ಕಡ್ಡಿಯನ್ನು ಕರಗಿಸಿ ಹರಿಸುವ ಈ ವಿಧಾನಕ್ಕೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಆದ್ದರಿಂದ ತಗಡು ಸೊಟ್ಟಗಾಗುವುದಿಲ್ಲ. ಆದರೆ ಒಮ್ಮೆ ಹಿತ್ತಾಳೆ ಹರಿದ ಜಾಗದಲ್ಲಿ ಮುಂದೆ ಉಕ್ಕಿನ ವೆಲ್ಡಿಂಗ್ ಸರಿಯಾಗಿ ಕೂರುವುದಿಲ್ಲ ಎಂಬುದನ್ನು ನೆನಪಿಡಬೇಕು. ಎಂಜಿನ್ನಿಗೆ ತೀರ ಹತ್ತಿರದ ಭಾಗಕ್ಕೆ ಉಕ್ಕಿನ ಬೆಸುಗೆಯೇ ಮೇಲು.

ಬಿರುಕು ಉದ್ದವಾಗಿದ್ದರೆ ಅದರ ಮೇಲೆ ಅದೇ ದಪ್ಪದ ತಗಡಿನ ತೇಪೆ ಹಾಕಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಅಲ್ಲಿಂದ ಹೊಸ ಬಿರುಕು ಹುಟ್ಟುವ ಸಂಭವ ಕಡಿಮೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಪಾಕ್ಸಿ ಅಂಟುಗಳು ಈ ಶಾಖಕ್ಕೆ ತಾಳುವುದಿಲ್ಲ. ಸೈಲೆನ್ಸರ್‌ಗೆಂದೇ ಬರುವ ಪೇಸ್ಟ್ ಸಣ್ಣ ಸೂಜಿರಂಧ್ರಕ್ಕೆ, ಅದೂ ಊರು ಸೇರುವವರೆಗಿನ ತಾತ್ಕಾಲಿಕ ಉಪಾಯವಾಗಿ, ಸಾಕಾದೀತು.

ಕೊನೆಯ ಹೆಜ್ಜೆ ಮರುಜೋಡಣೆ. ಎಂಜಿನ್ ಬಾಯಿಯ ಗ್ಯಾಸ್ಕೆಟ್ ಹೊಸದಾಗಿರಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಸಡಿಲವಾಗಿ ಕೂರಿಸಿ, ಸೈಲೆನ್ಸರ್ ತನ್ನ ಸಹಜ ಸ್ಥಾನದಲ್ಲಿ ನಿಂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು. ರಂಧ್ರ ಹೊಂದದಿದ್ದಾಗ ಸನ್ನೆಕೋಲಿನಿಂದ ಎಳೆದು ಬಿಗಿದರೆ, ಆ ಎಳೆತ ಬೆಸುಗೆಯ ಮೇಲೆಯೇ ಶಾಶ್ವತವಾಗಿ ಕೂರುತ್ತದೆ. ಸವೆದ ರಬ್ಬರ್ ಬುಷ್ ಬದಲಿಸದೆ ಬಿರುಕನ್ನು ಮಾತ್ರ ಬೆಸೆಯುವುದು ಕಾರಣವನ್ನು ಬಿಟ್ಟು ಪರಿಣಾಮಕ್ಕೆ ಚಿಕಿತ್ಸೆ ಮಾಡಿದಂತೆ.

ಮೈಸೂರಿನ ಉದಾಹರಣೆ

ದುರಸ್ತಿಯ ಕೌಶಲಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಜಾವಾ ಹಾಗೂ ಯೆಜ್ಡಿ ಮೋಟಾರ್ ಸೈಕಲ್‌ಗಳನ್ನು ತಯಾರಿಸಿ, 1996ರಲ್ಲಿ ಮುಚ್ಚಿತು. ಒಂದೇ ಸಿಲಿಂಡರಿನ ಎಂಜಿನ್ನಿಗೆ ಎರಡು ಸೈಲೆನ್ಸರ್‌ಗಳಿದ್ದುದು ಅವುಗಳ ವಿಶೇಷ. ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುವ ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ಸೈಲೆನ್ಸರ್‌ನೊಳಗೆ ಮಸಿ ಕಟ್ಟುವುದು, ಅದನ್ನು ಬಿಚ್ಚಿ ಶುಚಿಗೊಳಿಸುವುದು ಮೆಕ್ಯಾನಿಕ್‌ಗಳ ನಿತ್ಯದ ಕೆಲಸವಾಗಿತ್ತು. ಕಾರ್ಖಾನೆ ಮುಚ್ಚಿ ಮೂರು ದಶಕ ಸಮೀಪಿಸಿದ ಮೇಲೂ ಆ ವಾಹನಗಳು ರಸ್ತೆಯ ಮೇಲಿರಲು ಕಾರಣ, ಬೆಸೆಯಬಲ್ಲ, ಬಗ್ಗಿಸಬಲ್ಲ, ಹೊಂದಿಸಬಲ್ಲ ಕೈಗಳು ಉಳಿದದ್ದು. ತಯಾರಕ ಇಲ್ಲವಾದಾಗ ಗ್ರಾಹಕನ ಆಸ್ತಿಯನ್ನು ಕಾಪಾಡಿದವನು ದುರಸ್ತಿಗಾರ.

ಲೆಕ್ಕದ ಪುಸ್ತಕದಲ್ಲಿ

ಈಗ ಮೂಲ ಪ್ರಶ್ನೆಗೆ ಬರಬಹುದು. ತಿಳಿವಳಿಕೆಗಾಗಿ ಮಾತ್ರ ಕೆಲವು ಊಹೆಯ ಅಂಕಿಗಳನ್ನು ತೆಗೆದುಕೊಳ್ಳೋಣ. ಹಳೆಯ ಮೋಟಾರ್ ಸೈಕಲ್ ಒಂದು ಇನ್ನು 24 ತಿಂಗಳು ಓಡಲಿದೆ. ಮಾಲೀಕನ ದಿನದ ಸಂಪಾದನೆ ರೂ. 700 ಎಂದಿಟ್ಟುಕೊಳ್ಳಿ.

ಹೊಸ ಸೈಲೆನ್ಸರ್‌ಗೆ ರೂ. 4,000, ಅರ್ಧ ದಿನದ ನಷ್ಟ ರೂ. 350, ಒಟ್ಟು ರೂ. 4,350. ಇದನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು ರೂ. 181.

ಬಿಚ್ಚಿ, ಶುಚಿಮಾಡಿ, ಕ್ರಮವಾಗಿ ಮಾಡಿದ ದುರಸ್ತಿಗೆ ರೂ. 500, ಪೂರ್ತಿ ದಿನದ ನಷ್ಟ ರೂ. 700, ಒಟ್ಟು ರೂ. 1,200. ಅದು 10 ತಿಂಗಳು ಬಾಳಿದರೆ ತಿಂಗಳಿಗೆ ರೂ. 120.

ವಾಹನದ ಮೇಲೆಯೇ ಅವಸರದಲ್ಲಿ ಹಾಕಿಸಿದ ಬೆಸುಗೆಗೆ ರೂ. 200, ಅರ್ಧ ದಿನದ ನಷ್ಟ ರೂ. 350, ಒಟ್ಟು ರೂ. 550. ಅದು ಒಂದೇ ತಿಂಗಳಲ್ಲಿ ಬಿಟ್ಟುಕೊಂಡರೆ ತಿಂಗಳಿಗೆ ರೂ. 550.

ಕೈಯಿಂದ ಹೋದ ಹಣವನ್ನಷ್ಟೇ ನೋಡಿದರೆ ಮೂರನೆಯದೇ ಅಗ್ಗ. ಕಳೆದ ದಿನವನ್ನೂ ಸೇರಿಸಿ ನೋಡಿದರೆ ಅದೇ ಅತ್ಯಂತ ದುಬಾರಿ. ಇನ್ನು, ಒಳಗಿನಿಂದ ಕೊಳೆತ ಸೈಲೆನ್ಸರ್‌ಗೆ ಉತ್ತಮ ದುರಸ್ತಿಯನ್ನೇ ಮಾಡಿಸಿ ಅದು ಎರಡು ತಿಂಗಳು ಮಾತ್ರ ಬಾಳಿದರೆ ತಿಂಗಳಿಗೆ ರೂ. 600 ಆಗುತ್ತದೆ. ಅಂದರೆ ದುರಸ್ತಿಯೇ ಲಾಭ, ಬದಲಾವಣೆಯೇ ಲಾಭ ಎಂಬ ಸಾರ್ವತ್ರಿಕ ನಿಯಮವಿಲ್ಲ. ಲಾಭವನ್ನು ನಿರ್ಧರಿಸುವುದು ತಗಡಿನ ಸ್ಥಿತಿ ಮತ್ತು ಕೆಲಸದ ಗುಣಮಟ್ಟ. ಗುರುತಿಲ್ಲದ ಕಡಿಮೆ ಬೆಲೆಯ ಸೈಲೆನ್ಸರ್ ಕೊಳ್ಳುವವರೂ ಇದೇ ಲೆಕ್ಕ ಹಾಕಿ ನೋಡುವುದೊಳಿತು; ತೆಳು ತಗಡಿನ ಮಾಲು ಎಷ್ಟು ತಿಂಗಳು ಬಾಳೀತು? ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ವ್ಯಾಪಾರ ಸಂಸ್ಥೆಯ ವಾಹನಕ್ಕೆ ಮಾಡಿದ ಇಂತಹ ವೆಚ್ಚ ಸಾಮಾನ್ಯವಾಗಿ ಕಂದಾಯ ಸ್ವರೂಪದ್ದು. ಹೊಸ ಸೈಲೆನ್ಸರ್ ಹಾಕಿಸಿದಾಗಲೂ ಹೊಸ ಆಸ್ತಿ ಹುಟ್ಟುವುದಿಲ್ಲ, ಇರುವ ವಾಹನ ಉಳಿಯುತ್ತದೆ. ಆದ್ದರಿಂದ ಆ ವರ್ಷದ ದುರಸ್ತಿ ವೆಚ್ಚವಾಗಿಯೇ ಬರೆಯಬಹುದು. ಸರಕು ಮತ್ತು ಸೇವಾ ತೆರಿಗೆಯಲ್ಲಿ ಮೋಟಾರ್ ವಾಹನ ಬಿಡಿಭಾಗಗಳೆಲ್ಲಕ್ಕೂ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಏಕರೂಪದ ದರ ಜಾರಿಗೆ ಬಂದಿತು. ಅದಕ್ಕೆ ಮುನ್ನ ಹಲವು ಬಿಡಿಭಾಗಗಳಿಗೆ ಶೇ. 28 ಇತ್ತು. ಜನರ ಸಾಗಣೆಗೆ ಬಳಸುವ ವಾಹನಗಳ ದುರಸ್ತಿಯ ಮೇಲೆ ಕಟ್ಟಿದ ತೆರಿಗೆಯನ್ನು ಜಮಾ ಪಡೆಯಲು ಕಾನೂನಿನಲ್ಲಿ ನಿರ್ಬಂಧವಿರುವುದರಿಂದ, ಬಿಲ್ಲಿನ ಪೂರ್ತಿ ಮೊತ್ತವನ್ನು ವೆಚ್ಚವೆಂದೇ ಎಣಿಸಿಕೊಂಡು ನಿರ್ಧಾರಕ್ಕೆ ಬರುವುದು ಸುರಕ್ಷಿತ.

ಕಾನೂನಿನ ಚೌಕಟ್ಟು

ಕೇಂದ್ರ ಮೋಟಾರ್ ವಾಹನ ನಿಯಮಗಳು, 1989ರ 120ನೇ ನಿಯಮದ ಪ್ರಕಾರ ಪ್ರತಿಯೊಂದು ಮೋಟಾರ್ ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಶಬ್ದ ಹಾಗೂ ವಾಯುಮಾಲಿನ್ಯದ ಮಾನದಂಡ ಉಲ್ಲಂಘಿಸಿ ವಾಹನ ಓಡಿಸಿದರೆ, ಮೋಟಾರ್ ವಾಹನಗಳ ಕಾಯಿದೆ, 1988ರ 190(2)ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮೊದಲ ಅಪರಾಧಕ್ಕೆ 3 ತಿಂಗಳವರೆಗಿನ ಸೆರೆವಾಸ ಅಥವಾ ರೂ. 10,000ದವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಒಳಗಿನ ಅಡ್ಡ ತಗಡು ತೆಗೆದು ಸದ್ದು ಹೆಚ್ಚಿಸಿಕೊಡುವ ಕೆಲಸ ದುರಸ್ತಿಯಲ್ಲ. ಅದು ವಾಹನದ ಮಾರ್ಪಾಡು. ಗ್ರಾಹಕ ಒತ್ತಾಯಿಸಿದರೂ ಅದನ್ನು ಒಪ್ಪದಿರುವುದು ವೆಲ್ಡಿಂಗ್ ಶಾಪ್‌ಗೆ ಶ್ರೇಯಸ್ಕರ.

ಹೊಸ ವಾಹನಗಳ ಸೈಲೆನ್ಸರ್‌ನಲ್ಲಿ ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳ ತೆಳು ಲೇಪನವಿರುತ್ತದೆ. ಹೊಸ ಸೈಲೆನ್ಸರ್‌ಗಳ ಬೆಲೆ ಏರಲು ಇದೂ ಒಂದು ಕಾರಣ. ಬ್ರಾಕೆಟ್ ಮಾತ್ರ ಕಿತ್ತುಬಂದ ಇಂತಹ ಸೈಲೆನ್ಸರನ್ನು ಎಸೆಯುವುದು ನಷ್ಟ. ಕೆಟ್ಟದ್ದನ್ನು ಕಬ್ಬಿಣದ ತೂಕಕ್ಕೆ ಗುಜರಿಗೆ ಹಾಕುವುದೂ ನಷ್ಟ.

ದುರಸ್ತಿಗಾರನ ಲೆಕ್ಕ

ಈ ವ್ಯವಹಾರದ ಇನ್ನೊಂದು ಬದಿಯಲ್ಲಿ ವೆಲ್ಡಿಂಗ್ ಶಾಪ್‌ನ ಮಾಲೀಕನಿದ್ದಾನೆ. ಗ್ಯಾಸ್, ಕಡ್ಡಿ, ವಿದ್ಯುತ್, ಬಾಡಿಗೆಯನ್ನು ಆತ ಖರ್ಚಿನಲ್ಲಿ ಬರೆಯುತ್ತಾನೆ. ತನ್ನ ದಿನದ ಕೂಲಿಯನ್ನು ಬರೆಯುವುದಿಲ್ಲ. ಸ್ವಂತ ಮಾಲೀಕತ್ವದ ವ್ಯಾಪಾರದಲ್ಲಿ ಮಾಲೀಕನ ಶ್ರಮ ತೆರಿಗೆಯ ಲೆಕ್ಕಕ್ಕೆ ವೆಚ್ಚವಲ್ಲವಾದರೂ, ದರ ನಿಗದಿ ಮಾಡುವಾಗ ಅದು ನಿಜವಾದ ವೆಚ್ಚವೇ. ಅದನ್ನು ಬಿಟ್ಟು ಪಕ್ಕದ ಅಂಗಡಿಗಿಂತ ಐವತ್ತು ರೂಪಾಯಿ ಕಡಿಮೆ ಹೇಳುವವನಿಗೆ, ರಂಧ್ರ ಕೊರೆದು, ಲೋಹ ಶುಚಿಮಾಡಿ ಕೆಲಸ ಮಾಡುವಷ್ಟು ಸಮಯ ಉಳಿಯುವುದಿಲ್ಲ. ಕಳಪೆ ಬೆಸುಗೆಗೆ ಅನೇಕ ವೇಳೆ ಕೈಗುಣಕ್ಕಿಂತ ದರವೇ ಕಾರಣ. ಕಣ್ಣಿನ ರಕ್ಷಣೆಯ ಶೀಲ್ಡ್, ಕೈಗವಸು, ಗಾಳಿಯಾಡುವ ಜಾಗ ಇವೂ ದರದೊಳಗೇ ಬರಬೇಕಾದ ಬಾಬುಗಳು. ಐವತ್ತರ ವಯಸ್ಸಿಗೆ ಕಣ್ಣು ಮಂಜಾದರೆ ಆ ಅಂಗಡಿಗೆ ಬೇರೆ ಬಂಡವಾಳ ಎಲ್ಲಿಯದು?

ಸಣ್ಣ ಶಾಪ್‌ಗಳಿಗೆ ಔಪಚಾರಿಕ ವ್ಯವಸ್ಥೆಯ ಬಾಗಿಲು ಮುಚ್ಚಿಲ್ಲ. 2020ರ ಜುಲೈ 1ರಿಂದ ಆರಂಭವಾದ ಉದ್ಯಮ್ ನೋಂದಣಿ ಉಚಿತ. 2015ರ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ರೂ. 50,000ದವರೆಗೆ, ಕಿಶೋರ್ ವರ್ಗದಲ್ಲಿ ರೂ. 5 ಲಕ್ಷದವರೆಗೆ ಸಾಲ ದೊರೆಯುತ್ತದೆ. ಮಿಗ್ ಅಥವಾ ಟಿಗ್ ಯಂತ್ರಕ್ಕೆ ಅರ್ಜಿ ಹಾಕುವವರು ಇದನ್ನು ಗಮನಿಸಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ ಇದೆ, ವಾಹನ ದುರಸ್ತಿ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ 'ದುರಸ್ತಿಯ ಹಕ್ಕು' ಜಾಲತಾಣದ ವ್ಯಾಪ್ತಿಯಲ್ಲಿ ಮೋಟಾರ್ ವಾಹನ ಕ್ಷೇತ್ರವೂ ಸೇರಿದೆ. ತಯಾರಕರ ದುರಸ್ತಿ ಮಾಹಿತಿ ಬೀದಿಯ ಗ್ಯಾರೇಜಿಗೂ ತಲಪಿದಾಗ ಆ ಹಕ್ಕಿಗೆ ಅರ್ಥ ಬರುತ್ತದೆ.

ಸಂಘ ಸಂಸ್ಥೆಗಳು ಮಾಡಬಹುದಾದ ಕೆಲಸವೂ ಇಲ್ಲಿದೆ. ಐ.ಟಿ.ಐ.ಗಳ ನೆರವಿನಿಂದ ತೆಳು ತಗಡಿನ ಬೆಸುಗೆಯ ಕುರಿತು ಎರಡು ದಿನದ ತರಬೇತಿ, ಮಾದರಿ ಬಿಲ್ಲು, ಕೆಲಸಕ್ಕೆ ಮೂರು ತಿಂಗಳ ಖಾತರಿ ನೀಡುವ ಪದ್ಧತಿ ಇವುಗಳಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಖಾತರಿ ಬರೆದುಕೊಡುವ ಶಾಪ್ ಐವತ್ತು ರೂಪಾಯಿ ಹೆಚ್ಚು ಕೇಳಿದರೂ ಗ್ರಾಹಕ ಅಲ್ಲಿಗೇ ಹೋಗುತ್ತಾನೆ.

ವಾಹನ ಇಟ್ಟುಕೊಂಡ ವ್ಯಾಪಾರಸ್ಥರು ಮಾಡಬೇಕಾದದ್ದು ಇನ್ನೂ ಸರಳ. ಪ್ರತಿ ಸರ್ವಿಸ್‌ನಲ್ಲಿ ಸೈಲೆನ್ಸರ್‌ನ ಬೋಲ್ಟು ಮತ್ತು ರಬ್ಬರ್ ಬುಷ್ ಪರೀಕ್ಷಿಸಲು ಹೇಳಬೇಕು; ಸದ್ದು ಬದಲಾದ ದಿನವೇ ತೋರಿಸಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಸ್ಥಿತಿ ಬರುವುದು ಹೆಚ್ಚಾಗಿ ತಡಮಾಡಿದವರಿಗೆ. ಒಂದು ಬುಷ್‌ನ ಬೆಲೆ ಮತ್ತು ಒಂದು ದಿನದ ದುಡಿಮೆ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದವರಿಗೆ ಯಾವುದನ್ನು ಮೊದಲು ಖರ್ಚು ಮಾಡಬೇಕೆಂಬುದು ತಿಳಿದೀತು.